ಚಿಲಕ ಬಿದ್ದ ಮಾತ್ರಕ್ಕೆ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತೆ, ಅಷ್ಟೇ ಸಲ ಎದ್ದೆ. ಟೀ ತೋಟದಲ್ಲಿ ಎಲೆ ಕಡಿಮೆಯಾಗಲಿ ಎಂದೆ, ಮಳೆ ನಿಲ್ಲಲಿ ಎಂದೆ, ಕಣ್ಣಿನ ಪೊರೆ ತೆಗೆಸಿದ ಮೇಲೆ ಎಂದೆ. ಈಗ ಪೊರೆಯೂ ಹೋಗಿದೆ, ನೆಪವೂ ಉಳಿದಿಲ್ಲ.

ನಾನು ಊಟಿ ಕಡೆಯ ಕೂಕಲ್ತೊರೈ ಹತ್ತಿರದ ಒಂದು ಹಟ್ಟಿಯವನು; ಹಟ್ಟಿ ಎಂದರೆ ನಮ್ಮ ಬಡಗರ ಸಣ್ಣ ಊರು. ಮನೆಮಾತು ಬಡಗ, ಬಸ್ಸು ಪೇಟೆಗಳಲ್ಲಿ ತಮಿಳು. ಚಿಕ್ಕಂದಿನಲ್ಲಿ ಗುಂಡ್ಲುಪೇಟೆಯ ಸೋದರತ್ತೆ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದ್ದರಿಂದ ಕನ್ನಡ ಬರೆಯಲು ಬರುತ್ತದೆ. ನಮ್ಮ ಹಟ್ಟಿಯಲ್ಲಿ ಕನ್ನಡ ಓದುವವರು ಬಹುಶಃ ನಾನೊಬ್ಬನೇ. ತಪ್ಪೊಪ್ಪಿಕೊಳ್ಳಲು ಈ ಭಾಷೆಯನ್ನೇ ಆರಿಸಿಕೊಂಡದ್ದರಲ್ಲೂ ಒಂದಿಷ್ಟು ಹೇಡಿತನವಿದೆ. ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಯಾರಿಗೆ ತಪ್ಪು ಮಾಡಿದೆನೋ ಅವನ ಹೆಸರನ್ನು ಸದ್ಯಕ್ಕೆ ಬರೆಯುವುದಿಲ್ಲ. ಅದನ್ನು ಬಾಯಲ್ಲಿ ತರುವ ಯೋಗ್ಯತೆ ಕೊನೆಯ ಹೊತ್ತಿಗಾದರೂ ಬಂದರೆ ನೋಡೋಣ.

ಊಟಿ ಮಾರ್ಕೆಟ್ಟಿನ ಹಿಂಬದಿಯ ಇಳಿಜಾರಿನಲ್ಲಿ, ಒಂದು ಮೆಟ್ಟಿಲಸಾಲಿನ ಕೆಳಗೆ ಅವನ ಅಂಗಡಿ ಇತ್ತು. ಕಂಪ್ಯೂಟರ್ ರಿಪೇರಿ. ಮಂಜು ಇಳಿದ ದಿನ ಆ ಬೀದಿಯಲ್ಲಿ ಎದುರಿನ ಗೋಡೆಯೂ ಕಾಣುತ್ತಿರಲಿಲ್ಲ. ಆದರೆ ಅವನ ಅಂಗಡಿಯೊಳಗೆ ಒಂದು ಬೆಳಕು ಮೊಟ್ಟೆಯ ಹಳದಿಯ ಹಾಗೆ ತೇಲುತ್ತಿರುತ್ತಿತ್ತು. ಅದು ಅವನ ಬೀರು. ನಮ್ಮ ಕಡೆ ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಎಂದು ಕೆಲವರು ಬೀರುವಿನೊಳಗೆ ಸಣ್ಣ ಬಲ್ಬು ಉರಿಸಿಡುತ್ತಾರೆ. ಅವನು ಬಟ್ಟೆಯ ಬದಲು ಬೋರ್ಡುಗಳನ್ನು, ಡಿಸ್ಕುಗಳನ್ನು ಅದರೊಳಗೆ ಮಲಗಿಸುತ್ತಿದ್ದ. ಯಾರೇ ಯಂತ್ರ ತಂದರೂ ಮೊದಲ ಕೆಲಸ ಬಿಚ್ಚುವುದಲ್ಲ, ಬೀರುವಿನಲ್ಲಿಡುವುದು.

"ಚಳಿ ಬಿಡ್ಲಿ ಮಾಮ. ಇದು ಎಂಗ ಊರ ಮಂಜ ಕುಡಿದು ಬಂದಿದೆ. ನಿಂಗ ಟೀ ಕುಡೀರಿ, ಅದು ಬಿಸಿಲ ಕುಡೀಲಿ."

ಬಿಸಿಲು ಎಂದರೆ ಆ ಬಲ್ಬು.

ಅವನದು ಎಮರಾಲ್ಡ್ ಕಡೆಯ ಹಟ್ಟಿ. ನಮಗೆ ಹೆಣ್ಣು ಕೊಟ್ಟು ತರುವ ಸಂಬಂಧವಿರುವ ಊರು. ಹಾಗಾಗಿ ನಾನು ಅವನಿಗೆ ಮಾಮ. ನಮ್ಮಲ್ಲಿ ಹಟ್ಟಿಯ ಹೆಸರು ಹೇಳಿದರೆ ಸಾಕು, ಯಾರು ಯಾರಿಗೆ ಏನಾಗಬೇಕೆಂದು ತಾನೇ ತೀರ್ಮಾನವಾಗುತ್ತದೆ. ಒಂದೇ ಮೂಲದ ಹಟ್ಟಿಗಳವರು ಅಣ್ಣತಮ್ಮಂದಿರು, ಅವರೊಳಗೆ ಮದುವೆ ಕೂಡದು. ಬೇರೆ ಮೂಲದವರು ನೆಂಟರು.

ಅವನು ಸಾಧುವಾಗಿರಲಿಲ್ಲ. ಬಾಯಿಬಡುಕ. ಸುಳ್ಳು ನೀರು ಕುಡಿದಷ್ಟು ಸುಲಭ. ಫೋನು ಮಾಡಿ ಎಲ್ಲಿದ್ದೀಯೆಂದರೆ, "ಬಸ್ ಸ್ಟ್ಯಾಂಡಲ್ಲೇ ಇದ್ದೇನೆ ಮಾಮ, ಒಂದು ಕಾಲು ಬಸ್ಸಲ್ಲೇ!" ಎನ್ನುತ್ತಿದ್ದ.

"ಬಸ್ ಸ್ಟ್ಯಾಂಡಲ್ಲಿ ಕೋಳಿ ಕೂಗ್ತದೇನೋ?"

"ಒಬ್ಬ ಅಮ್ಮ ಬುಟ್ಟೀಲಿ ತಂದಿದ್ದಾಳೆ ಮಾಮ. ಇಕೊಳ್ಳಿ, ಅದರ ಹತ್ರವೇ ಮಾತಾಡಿ."

ಕೊಡೆ ಎರವಲು ಪಡೆಯುವುದು ಇನ್ನೊಂದು ಚಾಳಿ. ಬರುವಾಗ ನೆನೆದು ಬರುವನು, ಹೋಗುವಾಗ ಯಾರದೋ ಕೊಡೆಯಲ್ಲಿ ಹೋಗುವನು. ಎಷ್ಟೋ ಹಟ್ಟಿಗಳ ಕೊಡೆಗಳು ಅವನ ಅಂಗಡಿಯಲ್ಲಿ ಬಾವಲಿಗಳಂತೆ ನೇತಾಡುತ್ತಿದ್ದವು. ಯಾರದು ಯಾವುದು ಅವನಿಗೇ ತಿಳಿಯದು.

ಆದರೆ ಎಸ್‌ಎಂಪಿಎಸ್ ಕೈಗೆ ಬಂದರೆ ಮನುಷ್ಯನೇ ಬೇರೆ. ಕರೆಂಟನ್ನು ಪಳಗಿಸಿ ಯಂತ್ರದ ಅಂಗಗಳಿಗೆಲ್ಲ ಹಂಚುವ ಆ ಕಬ್ಬಿಣದ ಪೆಟ್ಟಿಗೆಯನ್ನು ಅವನು ಮೊದಲು ಅಂಗೈಯಲ್ಲಿ ತೂಗುತ್ತಿದ್ದ, ಸಂತೆಯಲ್ಲಿ ಕೋಸಿನ ಗಡ್ಡೆ ತೂಗಿದ ಹಾಗೆ. ಹಗುರವಾಗಿದ್ದರೆ, "ಹೊರಗೆ ನೋಡಿ ಎಷ್ಟು ವ್ಯಾಟ್ ಬರೆದಿದ್ದಾನೆ! ಒಳಗೆ ಹೊಟ್ಟೆಗೆ ಹಿಟ್ಟಿಲ್ಲೆ," ಎಂದು ಪಕ್ಕಕ್ಕಿಡುವನು. ಆಮೇಲೆ ಮೂಸುವನು. ಕೊನೆಗೆ ಹೆಂಡತಿಯ ಹೇರ್‌ಪಿನ್ನನ್ನು ಹಸಿರು ತಂತಿಗೂ ಕಪ್ಪು ತಂತಿಗೂ ನಡುವೆ ಸಿಕ್ಕಿಸಿದರೆ ಅದರ ಫ್ಯಾನು ತಿರುಗುವುದು. ಕಣ್ಣು ಮುಚ್ಚಿ ಆ ಸದ್ದು ಕೇಳುವನು. ಆಗ ಅಂಗಡಿಯಲ್ಲಿ ಯಾರೂ ಮಾತಾಡಬಾರದು. ಹೊರಗೆ ಮಂಜು, ಒಳಗೆ ಹಳದಿ ಬೆಳಕು, ನಡುವೆ ಆ ಸಣ್ಣ ಗುಂಯ್. ಎಷ್ಟೋ ಸಲ ನನಗೆ ಅಲ್ಲೇ ತೂಕಡಿಕೆ ಬಂದದ್ದಿದೆ. ಅಂಥ ನಿದ್ದೆ ನನಗೆ ಆಮೇಲೆ ಸಿಕ್ಕಿಲ್ಲ.

ಈಚಿನ ಎಸ್‌ಎಂಪಿಎಸ್‌ಗಳಲ್ಲಿ ತಂತಿಗಳು ಪೆಟ್ಟಿಗೆಗೆ ಅಂಟಿಕೊಂಡಿರುವುದಿಲ್ಲ. ಬೇಕಾದದ್ದನ್ನು ಸಿಕ್ಕಿಸಬಹುದು, ಬೇಡದ್ದನ್ನು ಬಿಚ್ಚಿಡಬಹುದು. ಅವನು ಒಂದೊಂದು ಪೆಟ್ಟಿಗೆಗೂ ಅದರ ತಂತಿಗಳಿಗೂ ಒಂದೇ ಬಣ್ಣದ ಬಟ್ಟೆಯ ಪಟ್ಟಿ ಕಟ್ಟುತ್ತಿದ್ದ. ಕೆಂಪು ಪೆಟ್ಟಿಗೆಗೆ ಕೆಂಪು ತಂತಿ, ನೀಲಿಗೆ ನೀಲಿ. ಯಾಕೋ ಈ ಶೃಂಗಾರ ಎಂದು ಕೇಳಿದ್ದೆ.

"ಮಾಮ, ಹುಡುಗ ಚೆಂದ, ಹುಡುಗಿ ಚೆಂದ. ಜೋಡಿ ಹೇಳಿ ಮಾಡಿಸಿದ ಹಂಗಿದೆ. ಹಟ್ಟಿ ಯಾವುದು ಅಂತ ಕೇಳಿದ್ರೆ ಅಣ್ಣ ತಂಗಿ! ಮದುವೆ ಮಾಡ್ತೀರಾ?"

"ಛೀ."

"ಇದೂ ಹಾಂಗೇ. ಒಂದು ಕಂಪನಿ ತಂತಿ ಇನ್ನೊಂದರ ಪೆಟ್ಟಿಗೆಗೆ ಚೆನ್ನಾಗಿ ಕೂರ್ತದೆ. ಒಳಗೆ ಸಾಲು ಬೇರೆ. ಐದು ವೋಲ್ಟ್ ಹೋಗೋ ಜಾಗಕ್ಕೆ ಹನ್ನೆರಡು ಹೋಗ್ತದೆ. ಚಿಲಕ ಬಿದ್ದ ಮಾತ್ರಕ್ಕೆ ಮನೆ ನಮ್ಮದಾಗೋದಿಲ್ಲೆ ಮಾಮ."

ಈ ಮಾತನ್ನು ನಾನು ಈ ಕಿವಿಯಿಂದಲೇ ಕೇಳಿದ್ದೆ. ತಿಳಿಯದೆ ಮಾಡಿದೆ ಎನ್ನುವ ದಾರಿ ನನಗಿಲ್ಲ.

ನಮ್ಮ ಹಟ್ಟಿಯ ಸಮುದಾಯ ಭವನದಲ್ಲಿ ಮಕ್ಕಳ ಓದಿಗೆಂದು ಇಟ್ಟ ಒಂದು ಕಂಪ್ಯೂಟರ್ ಇತ್ತು. ಭವನದ ಬೀಗದ ಕೈ ನನ್ನ ಬಳಿ. ಅದರಲ್ಲಿ ಒಂದು ಬೆಲೆಬಾಳುವ ವಸ್ತುವಿತ್ತು, ನನ್ನ ಚಿಕ್ಕಪ್ಪನ ದನಿ.

ನಮ್ಮಲ್ಲಿ ಸಾವಾದಾಗ ಕರು ಹರಚೋದು ಎಂಬ ಶಾಸ್ತ್ರವಿದೆ. ಹಿರಿಯನೊಬ್ಬ ಹೆಣದ ಪಕ್ಕ ನಿಂತು, ಮನುಷ್ಯ ಬದುಕಿನಲ್ಲಿ ಮಾಡಬಹುದಾದ ತಪ್ಪುಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾನೆ. ನೆರೆದವರು ದನಿಗೂಡಿಸುತ್ತಾರೆ. ಸತ್ತವನು ಅದನ್ನು ಮಾಡಿದ್ದನೋ ಇಲ್ಲವೋ ಯಾರೂ ಕೇಳುವುದಿಲ್ಲ. ಎಲ್ಲವನ್ನೂ ಹೇಳಿ ಬಿಡಿಸುತ್ತಾರೆ, ಹಗುರಾಗಿ ಹೋಗಲಿ ಎಂದು. ಅದನ್ನು ಮೊದಲಿಂದ ಕೊನೆಯವರೆಗೆ ತಪ್ಪದೆ ಬಲ್ಲವನು ನಮ್ಮ ಕಡೆ ಚಿಕ್ಕಪ್ಪನೊಬ್ಬನೇ.

ಅದನ್ನು ರೆಕಾರ್ಡ್ ಮಾಡೋಣ ಎಂದವನು ನಮ್ಮ ರಿಪೇರಿಯವನೇ. ಒಂದು ಮಧ್ಯಾಹ್ನ ಮೈಕು ತಂದು ಭವನದಲ್ಲಿ ಜೋಡಿಸಿದ. ಚಿಕ್ಕಪ್ಪ ಬಾಯಿ ಬಿಡಲೊಪ್ಪಲಿಲ್ಲ.

"ಹೆಣ ಇಲ್ಲದೆ ಇದ ಹೇಳೋದುಂಟಾ? ಹೇಳಿದ್ರೆ ಹೆಣವ ಕೂಗಿ ಕರೆದಂಗೆ."

"ಹೆಣ ಬೇಕು, ಅಷ್ಟೇ ತಾನೆ ತಾತ?"

ಅವನು ಬೆಂಚಿನ ಮೇಲೆ ಉದ್ದಕ್ಕೆ ಮಲಗಿ, ಹೆಗಲ ಮೇಲಿನ ಬಿಳಿ ಶಾಲನ್ನು ಗಲ್ಲದವರೆಗೆ ಎಳೆದುಕೊಂಡ. "ಈಗ ಹೇಳಿ. ನಾನು ಸತ್ತಾಯ್ತು."

"ಎದ್ದೇಳೋ ಪಾಪಿ! ಬಾಯಲ್ಲಿ ಬರಬಾರದ್ದು ಬರ್ತದೆ," ಎಂದು ಬಾಗಿಲಲ್ಲಿದ್ದ ಹೆಂಗಸರು ಕೂಗಿದರು. ಚಿಕ್ಕಪ್ಪ ಅವನನ್ನೇ ನೋಡುತ್ತ ನಿಂತ. ಆಮೇಲೆ ಬೊಚ್ಚುಬಾಯಿ ಅಗಲಿಸಿ ನಕ್ಕ. "ಮಿಸುಕಿದರೆ ನಿಲ್ಲಿಸಿಬಿಡುವೆ," ಎಂದವನು ಶುರುಮಾಡಿದ.

ಆ ಮಧ್ಯಾಹ್ನ ನನಗೆ ಈಗಲೂ ಕನಸಿನ ಹಾಗೆ ಕಾಣುತ್ತದೆ. ಕಿಟಕಿಯಿಂದ ಮಂಜು ಒಳಗೆ ಬಂದು ಬೆಂಚಿನ ಕಾಲುಗಳನ್ನು ಮುಚ್ಚಿತು. ಅವನು ಮೋಡದ ಮೇಲೆ ಮಲಗಿದಂತಿದ್ದ. ತಪ್ಪುಗಳು ಒಂದರ ಹಿಂದೊಂದು ಬಂದವು: ಗಡಿಯ ಕಲ್ಲು ಸರಿಸಿದ್ದು, ಹರಿಯುವ ನೀರು ಕೆಡಿಸಿದ್ದು, ಕರುವಿನ ಪಾಲಿನ ಹಾಲು ಕರೆದದ್ದು. ನಾವೆಲ್ಲ ತಿಳಿಯದೆಯೇ ದನಿಗೂಡಿಸಿದ್ದೆವು. ನಡುವೆ ಅವನು ಒಂದು ಕಣ್ಣು ತೆರೆದ.

"ತಾತ, ಆ ಹಾಲಿಂದು ಎನ್ನ ಮೇಲೆ ಹಾಕಬೇಡಿ. ಎಂಗ ಮನೇಲಿ ಹಸುವೇ ಇಲ್ಲೆ."

"ಹೆಣ ಮಾತಾಡಬಾರದು!"

ಎಲ್ಲರ ನಗುವೂ ರೆಕಾರ್ಡಾಯಿತು. ಚಿಕ್ಕಪ್ಪ ನಗು ನಿಲ್ಲಿಸಿ, ಬಿಟ್ಟಲ್ಲಿಂದ ಹಿಡಿದು, ಕೊನೆಯವರೆಗೆ ಹೇಳಿ ಮುಗಿಸಿದ.

"ಇದರ ನಕಲು ನಾಲ್ಕು ಕಡೆ ಇರಲಿ ಮಾಮ," ಎಂದು ಅವನು ಆಗಲೇ ಹೇಳಿದ. ನಾನು ಬಿಡಲಿಲ್ಲ. ಸಾವಿನ ಮಾತನ್ನು ಹುಡುಗರು ಫೋನಿನಲ್ಲಿಟ್ಟುಕೊಂಡು ಮದುವೆ ಮನೆಗೆಲ್ಲ ಒಯ್ದರೆ ಒಳ್ಳೆಯದಲ್ಲ ಎಂದೆ. ಅದೂ ಒಂದು ಕಾರಣ ಹೌದು. ಬೀಗದ ಕೈ ನನ್ನ ಬಳಿಯೇ ಇರಲಿ ಎಂಬುದು ಇನ್ನೊಂದು.

ಮುಂದಿನ ಚಳಿಗಾಲದಲ್ಲಿ ಚಿಕ್ಕಪ್ಪ ತೀರಿಕೊಂಡ. ಅವನ ಹೆಣದ ಪಕ್ಕ ನಿಂತು ಹೇಳಿದವನು ನನ್ನ ಅಣ್ಣನ ಮಗ, ಬಸ್ ಕಂಡಕ್ಟರ್. ಅವನಿಗೆ ಅರ್ಧವಷ್ಟೇ ಬರುತ್ತಿತ್ತು. ನಡುವೆ ಒಂದು ಕಡೆ ನಿಂತೇಹೋದ, ಆಮೇಲೆ ಮುಂದಕ್ಕೆ ಹಾರಿದ. ರೆಕಾರ್ಡು ಕೇಳಿ ಪೂರ್ತಿ ಕಲಿಯುತ್ತೇನೆ ಎಂದು ನನಗೆ ಹೇಳಿದ. ಕಲಿಯಲು ಕೂರುವ ಹೊತ್ತಿಗೆ ಕಂಪ್ಯೂಟರೇ ಸತ್ತಿತು. ಬೋರ್ಡು ಹೋಗಿತ್ತು. ಡಿಸ್ಕು ಚೆನ್ನಾಗಿತ್ತು.

ಊಟಿಯ ಅಂಗಡಿಯವನನ್ನು ಕರೆಸಿ ಹೊಸ ಮದರ್‌ಬೋರ್ಡು ತರಿಸಿದೆವು. ಹಳೆಯ ಎಸ್‌ಎಂಪಿಎಸ್ ಅನ್ನೇ ಹಾಕು, ಅದಕ್ಕೇನಾಗಿದೆ ಎಂದೆ ನಾನು. ಅವನು ಹಳೆಯದನ್ನು ಹೊಸ ಬೋರ್ಡಿನ ಪಕ್ಕದಲ್ಲಿಟ್ಟು ತೋರಿಸಿದ. ಪ್ರೊಸೆಸರಿಗೆ ಕರೆಂಟು ಹೋಗುವ ಕಡೆ ಹೊಸ ಬೋರ್ಡಿನಲ್ಲಿ ಎಂಟು ತೂತು, ಹಳೆಯ ತಂತಿಯಲ್ಲಿ ನಾಲ್ಕೇ ಹಲ್ಲು.

"ಮುದುಕನಿಗೆ ಕಬ್ಬು ಕೊಟ್ಟಂಗೆ ಆಗ್ತದೆ. ಕಚ್ಚೋಕೂ ಆಗದೆ, ಬಿಡೋಕೂ ಆಗದೆ ಒಂದಿನ ಬೋರ್ಡನ್ನೇ ಕರಕೊಂಡು ಹೋಗ್ತದೆ. ಹೊಸದು ಹಾಕುವ ಮಾಮ."

ಕೆಂಪು ಪಟ್ಟಿ ಕಟ್ಟಿದ ಹೊಸ ಪೆಟ್ಟಿಗೆ ತಂದು, ಅದರದೇ ತಂತಿಗಳಿಂದ ಬೋರ್ಡಿಗೆ ಜೋಡಿಸಿದ. ಯಂತ್ರ ಬೆಕ್ಕಿನ ಹಾಗೆ ಗುರುಗುಟ್ಟಿತು. ಚಿಕ್ಕಪ್ಪನ ದನಿಯಿದ್ದ ಹಳೆಯ ಡಿಸ್ಕಿಗೆ ಹಾಕುವ ತಂತಿ ಮಾತ್ರ ಅವನು ತಂದ ಚೀಲದಲ್ಲಿರಲಿಲ್ಲ.

"ಅಂಗಡೀಲಿ ಬಿಟ್ಟು ಬಂದೆ. ನಾಳೆ ತರುವೆ. ಅಲ್ಲಿವರೆಗೆ ಅದ ಮುಟ್ಟಬೇಡಿ."

ನಾಳೆ ಬರಲಿಲ್ಲ, ನಾಡಿದ್ದೂ ಬರಲಿಲ್ಲ. ಫೋನು ಮಾಡಿದಾಗಲೆಲ್ಲ ಒಂದು ಕಾಲು ಬಸ್ಸಿನಲ್ಲೇ ಇತ್ತು. ಚಿಕ್ಕಪ್ಪನ ದನಿಯನ್ನು ಎಲ್ಲರಿಗೂ ಕೇಳಿಸುತ್ತೇನೆಂದು ನಾನು ಹಟ್ಟಿಗೆಲ್ಲ ಸಾರಿಬಿಟ್ಟಿದ್ದೆ. ಕೇಳಿಸುತ್ತೇನೆಂದು ಸಾರಿದ್ದ ದಿನದ ಹಿಂದಿನ ದಿನ ಸಿಟ್ಟಿನಲ್ಲಿ ಊಟಿಗೆ ಹೋದೆ. ಅಂಗಡಿ ತೆರೆದೇ ಇತ್ತು, ಅವನಿರಲಿಲ್ಲ. ಬೀರುವಿನ ಬಲ್ಬು ಉರಿಯುತ್ತಿತ್ತು. ಮೊಳೆಗೆ ತಂತಿಗಳ ಗೊಂಚಲು ನೇತಾಡುತ್ತಿತ್ತು. ಕೆಂಪು ಪಟ್ಟಿಯದು ಹುಡುಕಿದೆ, ಕಾಣಲಿಲ್ಲ. ನೀಲಿ ಪಟ್ಟಿಯದು ಕೈಗೆ ಬಂತು. ತುದಿ ಅದೇ ಆಕಾರ, ಹಲ್ಲಿನ ಸಾಲು ಅಷ್ಟೇ. ಬಟ್ಟೆಯ ಬಣ್ಣದಲ್ಲಿ ಏನಿದೆ ಎಂದುಕೊಂಡು ಅಂಗಿಯೊಳಗೆ ಸೇರಿಸಿಕೊಂಡೆ.

ಭವನದಲ್ಲಿ ನಾನೊಬ್ಬನೇ ಇದ್ದೆ. ನೀಲಿ ಪಟ್ಟಿಯನ್ನು ಬ್ಲೇಡಿನಿಂದ ಕತ್ತರಿಸಿ ಕೆಳಗೆ ಬೀಳಿಸಿದೆ. ಯಾಕೆ ಕತ್ತರಿಸಿದೆ? ತಪ್ಪೆಂದು ಎಲ್ಲೋ ಒಳಗೆ ಗೊತ್ತಿದ್ದವನು ಮಾತ್ರ ಹಾಗೆ ಕತ್ತರಿಸುತ್ತಾನೆ. ತಂತಿ ಪೆಟ್ಟಿಗೆಗೆ ಟಕ್ಕೆಂದು ಕೂತಿತು. ಅಷ್ಟು ಇಂಪಾಗಿ ನಮ್ಮ ಮನೆಯ ಚಿಲಕವೂ ಬೀಳುವುದಿಲ್ಲ. ಸ್ವಿಚ್ ಹಾಕಿದೆ. ಡಿಸ್ಕಿನಿಂದ ಒಂದು ಎಳೆ ಹೊಗೆ ಎದ್ದು ಕಿಟಕಿಯ ಮಂಜಿನಲ್ಲಿ ಸೇರಿಹೋಯಿತು. ಅಷ್ಟೇ. ಸದ್ದೂ ಇಲ್ಲ.

ಬಾಗಿಲು ಹಾಕಿಕೊಂಡು ಮನೆಗೆ ಹೋದೆ.

ಮಾರನೆಯ ಬೆಳಿಗ್ಗೆ ಜನ ಸೇರಿದ್ದರು. ಅವನು ಅವತ್ತೇ ಬಂದ, ಕೆಂಪು ಪಟ್ಟಿಯ ತಂತಿ ಹಿಡಿದು, ತೊಪ್ಪೆಯಾಗಿ ನೆನೆದು. ಒಳಗೆ ಕಾಲಿಟ್ಟವನೇ ಮೂಸಿದ. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ:

"ಏನೋ ಇದು ನೀನು ಜೋಡಿಸಿದ ಚಂದ? ಸ್ವಿಚ್ ಹಾಕಿದ್ದೇ ತಡ, ಚಿಕ್ಕಪ್ಪನ ಸುಟ್ಟುಬಿಟ್ಟೆಯಲ್ಲೋ!"

ಅವನು ಪೆಟ್ಟಿಗೆಯೊಳಗೆ ಕೈ ಹಾಕಿ ಆ ತಂತಿಯನ್ನು ಬಿಡಿಸಿದ. ಬೆರಳಲ್ಲಿ ಸವರಿ ನೋಡಿದ. ಬಗ್ಗಿ ನೆಲದಿಂದ ಏನನ್ನೋ ಹೆಕ್ಕಿ ಜೇಬಿಗೆ ಹಾಕಿಕೊಂಡ. ಆಮೇಲೆ ನನ್ನನ್ನು ನೋಡಿದ. ಸಿಟ್ಟಿನ ನೋಟವಲ್ಲ. ಫ್ಯಾನಿನ ಸದ್ದು ಕೇಳುವಾಗ ಇರುತ್ತಿತ್ತಲ್ಲ, ಅದೇ ಮುಖ.

"ಅಂದೇ ಹೇಳಿದೆವು," ಎಂದಿತು ಒಂದು ಹೆಂಗಸಿನ ದನಿ. "ಬದುಕಿದವನು ಹೆಣವಾಗಿ ಮಲಗಿದ. ತಾತನೂ ಹೋದ, ತಾತನ ದನಿಯೂ ಹೋಯ್ತು."

"ಬಸ್ ಸ್ಟ್ಯಾಂಡಿಂದಲೇ ಜೋಡಿಸಿದನೋ ಏನೋ," ಎಂದ ಇನ್ನೊಬ್ಬ. ಯಾರೋ ನಕ್ಕರು.

ದಿನವೂ ಸುಳ್ಳು ಹೇಳುತ್ತಿದ್ದವನು ಅಂದು ಒಂದು ನಿಜ ಹೇಳಿದ್ದರೆ ಸಾಕಿತ್ತು. ಅವನು ಹೇಳಿದ್ದು, "ಹೌದು. ಜೋಡಿ ತಪ್ಪಿದೆ. ಎನ್ನ ಅಂಗಡಿ ತಂತಿಯೇ," ಎಂದು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಹೆಣ್ಣು ಕೊಟ್ಟು ತರುವ ಹಟ್ಟಿಯಲ್ಲಿ, ಹತ್ತು ಜನರ ಮುಂದೆ, ಮಾಮನನ್ನು ತಗ್ಗಿಸಬಾರದೆಂದು ಅವನಿಗೆ ಕಲಿಸಿದ್ದರು. ಅಳಿಯನ ತಲೆಯ ಮೇಲೆ ತಪ್ಪು ಹೊರಿಸಬಾರದೆಂದು ನನಗೂ ಕಲಿಸಿದ್ದರು.

ಹೊರಡುವಾಗ ಮಳೆ ಜೋರಾಗಿತ್ತು. "ಮಾಮ, ಕೊಡೆ ಇದೆಯಾ?" ಎಂದ, ಏನೂ ಆಗದವನ ಹಾಗೆ. ನನ್ನದನ್ನೇ ಕೊಟ್ಟೆ. ಬಸ್ಸಿನವರೆಗೂ ಜೊತೆಗೆ ನಡೆದಿದ್ದರೆ ದಾರಿಯಲ್ಲೇ ಹೇಳಿಬಿಡುತ್ತಿದ್ದೆನೇನೋ. ನಡೆಯಲಿಲ್ಲ.

ಮಾತು ಹಟ್ಟಿಯಿಂದ ಹಟ್ಟಿಗೆ ಬಸ್ಸಿಗಿಂತ ಬೇಗ ಹೋಗುತ್ತದೆ. ಡಿಸ್ಕು ಸುಟ್ಟವನು ಎಂದರು, ಹೆಣದಂತೆ ಮಲಗಿದವನು ಎಂದರು. ನಮ್ಮವರು ಯಾರೂ ಅವನನ್ನು ಕರೆಯಲಿಲ್ಲ. ಅಂಗಡಿ ಹೆಚ್ಚಾಗಿ ಮುಚ್ಚಿರುತ್ತಿತ್ತು. ಮಸಿನಗುಡಿ, ತೊರಪಳ್ಳಿ ಕಡೆಯ ಲಾಡ್ಜುಗಳ ಕ್ಯಾಮೆರಾ, ಕಂಪ್ಯೂಟರ್ ನೋಡಿಕೊಂಡು ಅಲ್ಲೇ ಉಳಿಯುತ್ತಾನೆ ಎಂದು ಕೇಳಿದೆ.

ಒಮ್ಮೆ ಕಂಡೆ. ಮೈಸೂರಿಗೆ ಹೋಗುವಾಗ ತೊರಪಳ್ಳಿಯಲ್ಲಿ ಆನೆ ಅಡ್ಡ ನಿಂತಿದೆಯೆಂದು ಬಸ್ಸು ನಿಲ್ಲಿಸಿದರು. ಕಿಟಕಿಯಾಚೆ ಟೀ ಅಂಗಡಿಯಲ್ಲಿ ಅವನು ಗ್ಲಾಸು ಹಿಡಿದು ಕೂತು, ಮಲಯಾಳದಲ್ಲಿ ಯಾರಿಗೋ ಏನೋ ಬಿಡುತ್ತಿದ್ದ. ಎದುರಿನವರು ನಗುತ್ತಿದ್ದರು. ಬಸ್ಸಿನ ಕಡೆ ತಿರುಗಿದ. ನಾನು ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿದೆ. ಆನೆ ಹೋಗುವವರೆಗೆ ಬಗ್ಗಿಯೇ ಇದ್ದೆ. ಆನೆಯೂ ಅಂದು ಬಹಳ ಹೊತ್ತು ಹೋಗಲಿಲ್ಲ.

ಈಚೆಗೆ ಅವನು ಹೋದ ಸುದ್ದಿ ಬಂತು. ಎದೆನೋವಂತೆ. ಅವನ ಹಟ್ಟಿಯಲ್ಲಿ ಕರು ಹರಚುವವರು ಯಾರೂ ಉಳಿದಿಲ್ಲವೆಂದು ನನ್ನ ಅಣ್ಣನ ಮಗನನ್ನೇ ಕರೆಸಿದರು. ನಾನೂ ಹೋದೆ. ಬಿಳಿ ಬಟ್ಟೆಯ ಗಂಡಸರ ಸಾಲಿನಲ್ಲಿ ನಿಂತು, ಹೇಳಿದ್ದಕ್ಕೆಲ್ಲ ದನಿಗೂಡಿಸಿದೆ. ಈ ಸಲ ಅವನು ಕಣ್ಣು ತೆರೆಯಲಿಲ್ಲ. ಹಾಲಿನ ತಪ್ಪು ಬಂದಾಗ ನಾನು ಅವನ ಮುಖವನ್ನೇ ನೋಡಿದೆ.

ಅದಾದ ಮೇಲೆ ಆ ಜಾಗ ಬಂತು. ಅಣ್ಣನ ಮಗನಿಗೆ ಬಾರದ ಜಾಗ. ಚಿಕ್ಕಪ್ಪನ ಹೆಣದ ಮುಂದೆ ನಿಂತಲ್ಲೇ ನಿಂತ. ಆಮೇಲಿನ ಎಲ್ಲ ಸಾವುಗಳಲ್ಲೂ ಅವನು ಅಲ್ಲೇ ನಿಲ್ಲುತ್ತಾನೆ. ಸಾಲೂ ಸುಮ್ಮನೆ ನಿಲ್ಲುತ್ತದೆ. ಗಾಳಿಗೆ ಶಾಲುಗಳು ಅಲುಗುವ ಸದ್ದು ಕೇಳುತ್ತದೆ. ಎಲ್ಲರೂ ಅದನ್ನು ಮರೆವು ಎಂದುಕೊಂಡಿದ್ದಾರೆ. ಆ ಮೌನದಲ್ಲಿರಬೇಕಾದ ಮಾತುಗಳನ್ನು ಸುಟ್ಟವನು ನಾನು. ಈಗ ಅವನ ಪಾಲಿಗೂ ಅವು ಇಲ್ಲದಂತಾಯಿತಲ್ಲ ಎಂದು ನಾನು ಸಾಲು ಬಿಟ್ಟು ಹೆಣದ ಕಡೆ ಒಂದು ಹೆಜ್ಜೆ ಇಟ್ಟೆ. ಯಾರೋ ತೋಳು ಹಿಡಿದರು. ದುಃಖ ಎಂದುಕೊಂಡರು.

ಆಮೇಲೆ ನೆನಪಾಯಿತು. ಪೂರ್ತಿ ಶಾಸ್ತ್ರವನ್ನು ಚಿಕ್ಕಪ್ಪ ಕೊನೆಯ ಸಲ ಹೇಳಿದ್ದು ಅವನ ಮೇಲೆಯೇ. ಬೆಂಚಿನ ಮೇಲೆ, ಮಂಜಿನ ನಡುವೆ, ನಗುತ್ತ. ಅವನ ತಪ್ಪೆಲ್ಲ ಒಂದೂ ಬಿಡದೆ ಅಂದೇ ಹರಿದಿತ್ತು. ಉಳಿದದ್ದು ನಮ್ಮದು.

ಹದಿನಾರನೆಯ ದಿನದ ಕಾರ್ಯ ಕಳೆದ ಮೇಲೆ ಊಟಿಯ ಅಂಗಡಿಗೆ ಹೋದೆ. ಅವನ ಹೆಂಡತಿ ಸಾಮಾನು ಒತ್ತರೆ ಮಾಡುತ್ತಿದ್ದಳು. ಬೀರುವಿನ ಬಲ್ಬು ಉರಿಯುತ್ತಲೇ ಇತ್ತು. ಆರಿಸಲು ಮನಸ್ಸು ಬರಲಿಲ್ಲವಂತೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಅವಳೇ ಮೊದಲು ಮಾತಾಡಿದಳು.

"ಕೊಡೆಗಳೆಲ್ಲ ಯಾರದೋ ಗೊತ್ತಿಲ್ಲೆ ಮಾಮ, ಮಳೇಲಿ ಬಂದವರಿಗೆ ಕೊಟ್ಟುಬಿಟ್ಟೆ. ಇದೊಂದ ಮಾತ್ರ ಬೀರಲ್ಲಿ ಇಟ್ಟಿದ್ದರು. ಮಾಮಂದು, ಅವರೇ ಬಂದು ತಕೊಳ್ತಾರೆ, ಬೇರೆಯವರಿಗೆ ಕೊಡಬೇಡ ಅಂತಿದ್ದರು."

ನನ್ನ ಕೊಡೆ. ಬೀರುವಿನಿಂದ ತೆಗೆದಾಗ ಈಗತಾನೆ ಎದ್ದ ಮಗುವಿನ ಹಾಗೆ ಬೆಚ್ಚಗಿತ್ತು. ಹಿಡಿಗೆ ಒಂದು ನೀಲಿ ಬಟ್ಟೆಯ ಪಟ್ಟಿ ಕಟ್ಟಿತ್ತು. ಒಂದು ಅಂಚು ಬ್ಲೇಡಿನಿಂದ ಕೊಯ್ದದ್ದು. ಅಂದು ಭವನದ ನೆಲದಿಂದ ಅವನು ಹೆಕ್ಕಿಕೊಂಡದ್ದು ಅದನ್ನೇ. ನಾನು ಬರುತ್ತೇನೆಂದು ಕಾಯುತ್ತಿದ್ದ. ಅಂಥ ಸುಳ್ಳುಗಾರ ನನ್ನನ್ನು ನಂಬಿ ಕಾಯುತ್ತಿದ್ದ.

ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬಲ್ಬನ್ನು ನೋಡುತ್ತ ಕೇಳಿಸಿಕೊಂಡಳು. "ಅವರಿದ್ದಾಗ ಬರಬೇಕಿತ್ತು ಮಾಮ," ಎಂದಳು. ಅಷ್ಟೇ.

ನಿನ್ನೆ ಡ್ಯೂಟಿ ಮುಗಿಸಿ ಬಂದ ಅಣ್ಣನ ಮಗನನ್ನು ಕೂರಿಸಿಕೊಂಡು ಅವನಿಗೂ ಹೇಳಿದೆ. ಅವನು ಕುಡಿಯುತ್ತಿದ್ದ ಟೀ ಗ್ಲಾಸನ್ನು ಕೆಳಗಿಟ್ಟ. ನಾನು ಹೇಳಿದೆ: "ನನ್ನ ಸರದಿ ಬಂದಾಗ ನೀನೇ ತಾನೆ ಹೇಳುವವನು? ನಿನಗೆ ಬಾರದ ಜಾಗದಲ್ಲಿ ಸುಮ್ಮನೆ ನಿಲ್ಲಬೇಡ. ಜೋಡಿಯಲ್ಲದ ತಂತಿ ಹಾಕಿ, ಜೊತೆಗಾರನ ತಲೆಗೆ ಕಟ್ಟಿದ ಅಂತ ಹೇಳು."

"ಶಾಸ್ತ್ರದಲ್ಲಿ ಹಾಂಗೆಲ್ಲ ಹೊಸತು ಸೇರಿಸೋದಿಲ್ಲೆ ಚಿಕ್ಕಪ್ಪ."

"ಹಳತನ್ನ ಸುಟ್ಟವನು ನಾನು. ಸೇರಿಸು."

"ಸೇರಿಸಿದ್ರೂ ಯಾರಿಗೆ ಮಾಡಿದ್ದು ಅಂತ ಹೇಳಬೇಕಲ್ಲ? ಊರೆಲ್ಲ ಡಿಸ್ಕು ಸುಟ್ಟವನು ಅಂತಾರೆ. ಹಾಂಗೇ ಹೇಳಲಾ?"

"ಬೇಡ."

ಇಷ್ಟು ವರ್ಷ ಎದುರಿಗೂ ಕರೆಯದ, ಬೆನ್ನಹಿಂದೆಯೂ ಹೇಳದ, ಈ ಬರಹದಲ್ಲೂ ಮುಂದೂಡುತ್ತ ಬಂದ ಹೆಸರನ್ನು ಅವನ ಕಿವಿಯ ಹತ್ತಿರ ಬಾಗಿ ಹೇಳಿದೆ. ಅವನು ಮೆಲ್ಲಗೆ ಒಮ್ಮೆ ಹೇಳಿಕೊಂಡು ನೋಡಿದ, ಆ ಖಾಲಿ ಜಾಗಕ್ಕೆ ಕೂರುತ್ತದೋ ಎಂದು.

ಕೂತಿತು. ಎಮರಾಲ್ಡ್ ಕಡೆಯ ಹಟ್ಟಿಯ ಮಾದನ ಮಗ, ನನ್ನ ಅಳಿಯ, ಹಾಲ.